ಎರಡು ಒಡಲಿನ ವೇಗದ ಹಡಗಿನಲ್ಲಿ ತೊಗರಿ ತರಿಸಿದರೆ ಲಾಭವಿದೆಯೇ?

ಪ್ರಶ್ನೆ (ಮೆಕ್ಯಾನಿಕಲ್ ಅಂತಿಮ ವರ್ಷ, ಕಲಬುರಗಿ):
ನಮ್ಮ ತಂಡವು ಪ್ರಾಜೆಕ್ಟ್‌ಗಾಗಿ ನೂರು ಮೀಟರ್ ಉದ್ದದ, 36 ನಾಟ್ (ಗಂಟೆಗೆ 36 ನಾಟಿಕಲ್ ಮೈಲಿ, ಸುಮಾರು 67 ಕಿ.ಮೀ.) ವೇಗದ ಕ್ಯಾಟಮರಾನ್, ಅಂದರೆ ಎರಡು ಒಡಲಿನ ಸರಕು ಹಡಗೊಂದನ್ನು ವಿನ್ಯಾಸಗೊಳಿಸುತ್ತಿದೆ. ಊರಿನ ನಂಟಿರಲಿ ಎಂದು ಸರಕಾಗಿ ತೊಗರಿಯನ್ನೂ, ಮಾರ್ಗವಾಗಿ ಟಾಂಜಾನಿಯಾದ ಬಂದರು ದಾರ್ ಎಸ್ ಸಲಾಮ್‌–ಮುಂಬೈಯನ್ನೂ ಆರಿಸಿದ್ದೇವೆ. ಒಡಲು ತೆಳುವಾದಷ್ಟೂ ಅಲೆಯ ಪ್ರತಿರೋಧ (ಹಡಗು ತಾನೇ ಎಬ್ಬಿಸುವ ಅಲೆಗಳಿಂದಾಗುವ ತಡೆ) ಕುಗ್ಗುತ್ತದೆ ಎನ್ನುವುದಾದರೆ, ಇಂತಹ ಹಡಗುಗಳು ಸರಕು ಸಾಗಣೆಯಲ್ಲಿ ಏಕೆ ವಿರಳ?

ಉತ್ತರ (ಹಡಗುಕಟ್ಟೆಯ ನಿವೃತ್ತ ವಿನ್ಯಾಸಕಾರ, ಬೀದರ್):
ನಿಮ್ಮ ತರ್ಕ ಸರಿಯಾಗಿಯೇ ಇದೆ, ಆದರೆ ಅರ್ಧಕ್ಕೆ ನಿಂತಿದೆ. ನೂರು ಮೀಟರಿನ ಒಡಲಿಗೆ 36 ನಾಟ್ ಎಂದರೆ ಫ್ರೌಡ್ ಸಂಖ್ಯೆ (ಹಡಗಿನ ಉದ್ದಕ್ಕೆ ಹೋಲಿಸಿ ವೇಗವನ್ನು ಅಳೆಯುವ ಸಂಖ್ಯೆ) ಸುಮಾರು 0.59. ಅಲೆಯ ಪ್ರತಿರೋಧ ಶಿಖರಕ್ಕೇರುವ 0.5ರ ಆಸುಪಾಸನ್ನು ದಾಟಿದ ಈ ವಲಯದಲ್ಲಿ ತೆಳು ಒಡಲುಗಳು ನಿಜಕ್ಕೂ ಗೆಲ್ಲುತ್ತವೆ. ಆದರೆ ಒಂದರ ಬದಲು ಎರಡು ಒಡಲುಗಳಿರುವುದರಿಂದ ನೀರಿಗೆ ತಾಗುವ ಮೈ ಹೆಚ್ಚಿ ಘರ್ಷಣೆಯೂ ಹೆಚ್ಚುತ್ತದೆ, ಮತ್ತು ತೆಳು ಒಡಲು ಹೆಚ್ಚು ಭಾರವನ್ನು ಹೊರಲಾರದು. ಅಮೆರಿಕದ ನೌಕಾಪಡೆಗೆಂದು ಆಸ್ಟಲ್ ಎಂಬ ಹಡಗು ಕಂಪನಿ ಕಟ್ಟಿದ ಸ್ಪಿಯರ್‌ಹೆಡ್ ವರ್ಗದ ಕ್ಯಾಟಮರಾನ್‌ಗಳನ್ನೇ ನೋಡಿ: 103 ಮೀಟರ್ ಉದ್ದ, 35 ನಾಟ್ ವೇಗ, ಹೊರೆ ಸುಮಾರು 600 ಟನ್, ಆ ಹೊರೆಯೊಂದಿಗೆ ಕ್ರಮಿಸುವ ದೂರ 1,200 ನಾಟಿಕಲ್ ಮೈಲಿ. ನಿಮ್ಮ ಮಾರ್ಗ ಸುಮಾರು ಎರಡೂವರೆ ಸಾವಿರ ಮೈಲಿಯದು. ಅಂದರೆ ಅರ್ಧ ದಾರಿಯಲ್ಲೇ ಟ್ಯಾಂಕ್ ಬರಿದು. ಹೆಚ್ಚು ಇಂಧನ ತುಂಬಿದರೆ ತೊಗರಿಗೆ ಜಾಗವಿರದು. ಇದಲ್ಲದೆ, ಮುಂಗಾರಿನ ಅರಬ್ಬೀ ಸಮುದ್ರದಲ್ಲಿ ಎರಡೂ ಒಡಲುಗಳನ್ನು ಬೆಸೆಯುವ ಡೆಕ್ಕಿನ ತಳಕ್ಕೆ ಅಲೆಗಳು ಅಪ್ಪಳಿಸುವುದರಿಂದ ವೇಗವನ್ನು ಇಳಿಸದೆ ಗತ್ಯಂತರವಿಲ್ಲ.

ವೇಗದ ಆಸೆ ಹೊಸದೇನಲ್ಲ. 1996ರಲ್ಲಿ ಗ್ಯಾಸ್ ಟರ್ಬೈನ್‌ಗಳೊಂದಿಗೆ ಓಡತೊಡಗಿದ ಸ್ಟೆನಾ ಎಕ್ಸ್‌ಪ್ಲೋರರ್ ಎಂಬ ಕ್ಯಾಟಮರಾನ್, ಪ್ರಯಾಣಿಕರನ್ನೂ ವಾಹನಗಳನ್ನೂ ಒಯ್ಯುತ್ತಿದ್ದರೂ ಇಂಧನದ ಖರ್ಚು ಭಾರವಾಗಿ 2014ರಲ್ಲಿ ನಿಂತಿತು. ಜಪಾನಿನ ಟೆಕ್ನೋ ಸೂಪರ್‌ಲೈನರ್ ಒಗಸವಾರಾ ಎಂಬ ವೇಗದ ಹಡಗು 2005ರಲ್ಲಿ ಸಿದ್ಧವಾದರೂ ತೈಲ ದುಬಾರಿಯಾದ ಕಾರಣ ಸೇವೆಗೇ ಇಳಿಯಲಿಲ್ಲ. ಒಂದೇ ಒಡಲಿನ ಸೀ-ಲ್ಯಾಂಡ್ ಎಸ್‌ಎಲ್-7 ಕಂಟೇನರ್ ಹಡಗುಗಳ ಗತಿಯೂ ಬೇರೆಯಲ್ಲ: 33 ನಾಟ್ ಓಡುತ್ತಿದ್ದ ಅವು ತೈಲ ಬಿಕ್ಕಟ್ಟಿನ ನಂತರ ಅಮೆರಿಕದ ನೌಕಾಪಡೆಯ ಪಾಲಾದವು.

ಉತ್ತರ (ದಾಲ್ ಮಿಲ್, ಕಲಬುರಗಿ):
ಹಡಗಿನ ವಿಜ್ಞಾನ ನನಗೆ ತಿಳಿಯದು, ತೊಗರಿ ತಿಳಿದಿದೆ. ನಾವು ಕೊಳ್ಳುವಾಗ ಮುಷ್ಟಿಯಲ್ಲಿ ಹಿಡಿದು ತೇವ ನೋಡುತ್ತೇವೆ, ಕಾಳು ಒಡೆದಿದೆಯೇ, ಹುಳು ಹಿಡಿದಿದೆಯೇ ನೋಡುತ್ತೇವೆ. ಸಮುದ್ರದಲ್ಲಿ ಎಷ್ಟು ದಿನ ಇತ್ತು ಎಂದು ಯಾರೂ ಕೇಳುವುದಿಲ್ಲ. ತಿಂಗಳುಗಟ್ಟಲೆ ಗೋದಾಮಿನಲ್ಲಿ ಉಳಿಯುವ ಕಾಳಿಗೆ ಐದಾರು ದಿನ ಬೇಗ ಬಂದುದಕ್ಕಾಗಿ ಯಾರು ಹೆಚ್ಚು ಬಾಡಿಗೆ ಕೊಟ್ಟಾರು? ಬಂದರಿನಿಂದ ಇಲ್ಲಿಯವರೆಗಿನ ಲಾರಿ ಬಾಡಿಗೆ ಇಳಿಸಿಕೊಡಿ, ಸಂತೋಷಪಡುತ್ತೇವೆ.

ಪ್ರಶ್ನೆ ಕೇಳಿದವರು:
ಸರಕನ್ನು ಬದಲಿಸುತ್ತೇವೆ. ಮೂರು ಒಡಲಿನ ಟ್ರೈಮರಾನ್ ಆದರೆ ಫಲಿತಾಂಶ ಬೇರೆಯಾಗಬಹುದೇ?

ಉತ್ತರ (ಬೀದರ್):
ಅಲೆಯಲ್ಲಿ ಓಲಾಟ ಸೌಮ್ಯವಾದೀತು, ಆದರೆ ಹೊರೆಯ ಮಿತಿ ಹಾಗೆಯೇ ಉಳಿಯುತ್ತದೆ. 127 ಮೀಟರಿನ ಬೆಂಚಿಹಿಗುವಾ ಎಕ್ಸ್‌ಪ್ರೆಸ್ ಎಂಬ ಟ್ರೈಮರಾನ್ 2005ರಿಂದ ಕ್ಯಾನರಿ ದ್ವೀಪಗಳ ನಡುವೆ ಓಡುತ್ತಿದೆ. ದೂರ ಕಡಿಮೆ, ಪ್ರಯಾಣಿಕರ ಟಿಕೆಟ್ಟೂ ಉಂಟು. ನೀವೂ ಅಂತಹ ಕಿರುಮಾರ್ಗವೊಂದನ್ನು ಹಿಡಿದು, ಮೊದಲು ಒಂದು ಟನ್ನನ್ನು ಒಂದು ಮೈಲಿ ಒಯ್ಯಲು ತಗಲುವ ಇಂಧನದ ಲೆಕ್ಕ ಹಾಕಿ. ಒಡಲಿನ ರೇಖೆಗಳನ್ನು ಅದಾದ ಮೇಲೆ ಎಳೆಯಿರಿ.