ಬ್ಯಾಟ್‌ಮನ್ ಕಾಮಿಕ್ಸ್ ಎಲ್ಲಿಂದ ಆರಂಭಿಸಬೇಕು? ಖಳನಾಯಕರ ಕಡೆಯಿಂದ ಪ್ರವೇಶಿಸಬಹುದೇ?

ಪ್ರಶ್ನೆ: ನವನಗರದ ಓದುಗ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಪಿಯುಸಿ ಓದುತ್ತಿರುವ ನನ್ನ ಅಕ್ಕನ ಮಗನಿಗೆ ಬ್ಯಾಟ್‌ಮನ್ ಸಿನಿಮಾಗಳನ್ನು ನೋಡಿದ ಮೇಲೆ ಮೂಲ ಕಾಮಿಕ್ಸ್‌ಗಳನ್ನೇ ಓದಬೇಕೆಂಬ ಹಂಬಲ ಹುಟ್ಟಿದೆ. ಅವನ ಜೊತೆಗೆ ನಾನೂ ಓದಬೇಕೆಂದಿದ್ದೇನೆ. ಆದರೆ 1939ರಿಂದ ಬರುತ್ತಿರುವ ಈ ಕಥೆಯೊಳಗೆ ಎಲ್ಲಿಂದ ಕಾಲಿಡಬೇಕೆಂಬುದೇ ತಿಳಿಯುತ್ತಿಲ್ಲ. ಆನ್‌ಲೈನ್ ಅಂಗಡಿಗಳಲ್ಲಿ ಹುಡುಕಿದರೆ ‘ಮೊದಲ ಸಂಪುಟ’ ಎಂದು ಅಚ್ಚಾಗಿರುವ ಪುಸ್ತಕಗಳೇ ಹಲವಾರು ಸಿಗುತ್ತವೆ, ಆದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿದ್ದಂತೆ ತೋರುವುದಿಲ್ಲ. ನಮ್ಮಿಬ್ಬರಿಗೂ ನಾಯಕನಿಗಿಂತ ಅವನ ಎದುರಾಳಿಗಳ ಮೇಲೆಯೇ ಕುತೂಹಲ ಹೆಚ್ಚು. ಜೋಕರ್, ಪೆಂಗ್ವಿನ್, ಟೂ-ಫೇಸ್, ಬೇನ್ ಇವರಲ್ಲಿ ಯಾರ ಕಥೆಯನ್ನು ಮೊದಲು ಹಿಡಿಯಬೇಕು? ಹುಡುಗನ ತಂಗಿ ಎಂಟನೇ ತರಗತಿಯಲ್ಲಿದ್ದಾಳೆ, ಮನೆಗೆ ಬಂದ ಪುಸ್ತಕವನ್ನು ಅವಳೂ ಬಿಡುವವಳಲ್ಲ. ಆದ್ದರಿಂದ ಅವಳ ಕೈಗೆ ಕೊಡಬಾರದಂಥವು ಯಾವುವೆಂಬುದನ್ನೂ ದಯವಿಟ್ಟು ತಿಳಿಸಿರಿ.

ಉತ್ತರ: ತಿಲಕವಾಡಿ, ಬೆಳಗಾವಿ

ನಮಸ್ಕಾರ ಸರ್. ಸಂಚಿಕೆಗಳ ಅಂಕಿ ಹಿಡಿದುಕೊಂಡು ಓದಲು ಹೊರಡಬೇಡಿ. ಬಾಬ್ ಕೇನ್ ಮತ್ತು ಬಿಲ್ ಫಿಂಗರ್ ಸೇರಿ ರೂಪಿಸಿದ ಬ್ಯಾಟ್‌ಮನ್ ಮೊದಲು ಕಾಣಿಸಿಕೊಂಡದ್ದು ‘ಡಿಟೆಕ್ಟಿವ್ ಕಾಮಿಕ್ಸ್’ ಪತ್ರಿಕೆಯ 27ನೆಯ ಸಂಚಿಕೆಯಲ್ಲಿ. ಅದೇ ಪತ್ರಿಕೆಯ ಸಾವಿರನೆಯ ಸಂಚಿಕೆ 2019ರಲ್ಲಿ ಹೊರಬಂತು. ನಡುವೆ 1985–86ರಲ್ಲಿ ಪ್ರಕಾಶಕರು ತಮ್ಮ ಇಡೀ ಕಥಾಲೋಕವನ್ನೇ ಹೊಸದಾಗಿ ಕಟ್ಟಿದರು, 2011ರಲ್ಲಿ ಪತ್ರಿಕೆಗಳನ್ನೆಲ್ಲ ಮತ್ತೆ ಒಂದನೆಯ ಸಂಚಿಕೆಯಿಂದ ಆರಂಭಿಸಿದರು, 2016ರಲ್ಲಿ ‘ಬ್ಯಾಟ್‌ಮನ್’ ಪತ್ರಿಕೆ ಮತ್ತೊಮ್ಮೆ ಒಂದರಿಂದ ಹೊರಟರೆ ‘ಡಿಟೆಕ್ಟಿವ್ ಕಾಮಿಕ್ಸ್’ ತನ್ನ ಹಳೆಯ ಅಂಕಿಗೆ ಮರಳಿತು. ನಿಮಗೆ ಅಷ್ಟೊಂದು ಮೊದಲ ಸಂಪುಟಗಳು ಎದುರಾಗುವುದು ಈ ಕಾರಣದಿಂದ.

ನಿಮ್ಮ ಕುತೂಹಲವೇ ಸರಿಯಾದ ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಬ್ಬ ಖಳನಾಯಕನನ್ನು ಆರಿಸಿಕೊಂಡು ಅವನ ಬೆನ್ನು ಹತ್ತಿರಿ. ಮುಂದಿನ ತಿಂಗಳೂ ಪತ್ರಿಕೆ ಬರಬೇಕಾದ್ದರಿಂದ ನಾಯಕ ಹೆಚ್ಚು ಬದಲಾಗುವಂತಿಲ್ಲ, ಸಾಯುವಂತೆಯೂ ಇಲ್ಲ. ಆದರೆ ಖಳನಾಯಕನ ಬಾಳಿಗೆ ಒಂದು ಆರಂಭ, ಒಂದು ಏಳ್ಗೆ, ಒಂದು ಪತನ ಇರುತ್ತದೆ, ಅದನ್ನು ಎರಡು ಮೂರು ಪುಸ್ತಕಗಳಲ್ಲಿ ಪೂರ್ತಿಯಾಗಿ ಓದಿ ಮುಗಿಸಬಹುದು.

ನಾನು ಮೊದಲು ಹೆಸರಿಸುವುದು ಟೂ-ಫೇಸ್‌ನನ್ನು. 1942ರಲ್ಲಿ ಹುಟ್ಟಿದ ಈ ಪಾತ್ರ ಬ್ಯಾಟ್‌ಮನ್‌ನ ಊರಾದ ಗಾಥಮ್ ನಗರದ ಪ್ರಾಮಾಣಿಕ ಸರ್ಕಾರಿ ವಕೀಲ, ಹೆಸರು ಹಾರ್ವಿ ಡೆಂಟ್. ತುಂಬಿದ ನ್ಯಾಯಾಲಯದಲ್ಲಿ ಆರೋಪಿಯೊಬ್ಬ ಎರಚಿದ ಆಸಿಡ್‌ನಿಂದ ಅವನ ಮುಖದ ಅರ್ಧಭಾಗ ಸುಟ್ಟುಹೋಗುತ್ತದೆ. ಎರಡೂ ಬದಿಗೆ ಒಂದೇ ಮುಖವಿರುವ ಬೆಳ್ಳಿ ನಾಣ್ಯದ ಒಂದು ಬದಿಯನ್ನು ಅವನು ಗೀಚಿ ಕೆಡಿಸಿ, ಆ ಮೇಲೆ ಒಳ್ಳೆಯದನ್ನು ಮಾಡಬೇಕೋ ಕೆಟ್ಟದ್ದನ್ನು ಮಾಡಬೇಕೋ ಎಂಬುದನ್ನು ಅದನ್ನು ಚಿಮ್ಮಿಯೇ ತೀರ್ಮಾನಿಸುತ್ತಾನೆ. ನಿಮ್ಮ ಜಿಲ್ಲೆಯ ಮುಧೋಳದ ರನ್ನ ‘ಗದಾಯುದ್ಧ’ದಲ್ಲಿ ದುರ್ಯೋಧನನನ್ನು ಅಭಿಮನ್ಯುವಿನ ಶವದೆದುರು ನಿಲ್ಲಿಸಿ, ಶತ್ರುವಿನ ಮಗನ ಪರಾಕ್ರಮವನ್ನು ಅವನ ಬಾಯಿಂದಲೇ ಹೊಗಳಿಸುತ್ತಾನಲ್ಲ, ಅಲ್ಲಿ ನಮ್ಮ ಮನಸ್ಸು ಸೋಲಲಿರುವವನ ಕಡೆಗೆ ವಾಲುವಂತೆಯೇ ಈ ವಕೀಲನ ಕಡೆಗೂ ವಾಲುತ್ತದೆ.

ಅವನನ್ನು ಓದಲು ಮೊದಲು ‘ಇಯರ್ ಒನ್’ ತೆಗೆದುಕೊಳ್ಳಿ. ಫ್ರ್ಯಾಂಕ್ ಮಿಲ್ಲರ್ ಬರೆದು ಡೇವಿಡ್ ಮಾಟ್ಸುಕೆಲ್ಲಿ ಚಿತ್ರಿಸಿದ ಈ ಕಥೆ 1987ರಲ್ಲಿ ನಾಲ್ಕೇ ಸಂಚಿಕೆಗಳಲ್ಲಿ ಮುಗಿಯಿತು. ಇಲ್ಲಿ ಹಾರ್ವಿ ಡೆಂಟ್ ಇನ್ನೂ ಒಳ್ಳೆಯವನು, ಬ್ಯಾಟ್‌ಮನ್‌ನ ಪಕ್ಷದವನು. ಮೊದಲ ಪುಟಗಳನ್ನು ನಿಧಾನವಾಗಿ ನೋಡಿರಿ. ಜನವರಿಯ ಒಂದೇ ದಿನ ಪೊಲೀಸ್ ಅಧಿಕಾರಿ ಗಾರ್ಡನ್ ರೈಲಿನಲ್ಲಿ, ಬ್ಯಾಟ್‌ಮನ್ ಆಗಲಿರುವ ಬ್ರೂಸ್ ವೇನ್ ವಿಮಾನದಲ್ಲಿ ಗಾಥಮ್‌ಗೆ ಬಂದಿಳಿಯುತ್ತಾರೆ. ವಿಮಾನದಲ್ಲಿ ಬರಬೇಕಿತ್ತೆಂದು ಗಾರ್ಡನ್‌ಗೆ ಅನ್ನಿಸಿದರೆ, ರೈಲಿನಲ್ಲಿ ಬಂದಿದ್ದರೆ ಶತ್ರುವನ್ನು ಹತ್ತಿರದಿಂದ ಕಾಣಬಹುದಿತ್ತೆಂದು ಬ್ರೂಸ್‌ಗೆ ಅನ್ನಿಸುತ್ತದೆ. ಇಬ್ಬರ ಮನಸ್ಸಿನ ಮಾತುಗಳನ್ನೂ ಬೇರೆ ಬೇರೆ ಬಗೆಯ ಅಕ್ಷರಗಳಲ್ಲಿ ಬರೆದಿದ್ದಾರೆ. ಬ್ರೂಸ್‌ನದು ಕೂಡಿಸಿ ಬರೆದ ಇಂಗ್ಲಿಷ್ ಕೈಬರಹದಂತಿರುವುದರಿಂದ ಓದಲು ಹುಡುಗನಿಗೆ ತುಸು ತಡವಾಗಬಹುದು, ಜೊತೆಗೆ ಕುಳಿತು ಗಟ್ಟಿಯಾಗಿ ಓದಿರಿ.

ಅನಂತರ ‘ದಿ ಲಾಂಗ್ ಹ್ಯಾಲೋವೀನ್’. ಜೆಫ್ ಲೋಬ್ ಬರೆದು ಟಿಮ್ ಸೇಲ್ ಚಿತ್ರಿಸಿದ, 1996–97ರ ಹದಿಮೂರು ಸಂಚಿಕೆಗಳ ಕಥೆಯಿದು. ಹಬ್ಬದ ದಿನಗಳಂದೇ ಕೊಲೆ ಮಾಡುವ ಅಜ್ಞಾತ ಕೊಲೆಗಾರನನ್ನು ಹಿಡಿಯಲು ಬ್ಯಾಟ್‌ಮನ್, ಗಾರ್ಡನ್, ಡೆಂಟ್ ಮೂವರೂ ಒಂದಾಗುತ್ತಾರೆ. ಆ ಒಂದು ವರ್ಷದಲ್ಲಿ ಡೆಂಟ್ ಹೇಗೆ ಕೈತಪ್ಪಿಹೋಗುತ್ತಾನೆ ಎಂಬುದೇ ಪುಸ್ತಕದ ಜೀವಾಳ. ಕೊಲೆಗಾರ ಯಾರೆಂದು ಅಂತರ್ಜಾಲದಲ್ಲಿ ಹುಡುಕಬೇಡಿರೆಂದು ಹುಡುಗನಿಗೆ ಈಗಲೇ ಹೇಳಿಡಿ.

ಉತ್ತರ: ಗುಮ್ಮಟನಗರಿ, ವಿಜಯಪುರ

ತಿಲಕವಾಡಿಯವರ ಮಾತನ್ನು ಒಪ್ಪುತ್ತೇನೆ, ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದವನಾಗಿ ಒಂದು ಮಾತನ್ನು ಸೇರಿಸುತ್ತೇನೆ. ಅದರಲ್ಲಿ ಬರುತ್ತಿದ್ದ ಫ್ಯಾಂಟಮ್‌ನನ್ನು ಸೃಷ್ಟಿಸಿದ ಲೀ ಫಾಕ್ ಅವರು 1936ರಿಂದ 1999ರಲ್ಲಿ ತೀರಿಕೊಳ್ಳುವವರೆಗೂ ತಾವೇ ಆ ಕಥೆಗಳನ್ನು ಬರೆದರು, ಹಾಗಾಗಿ ಯಾವುದನ್ನು ಎತ್ತಿಕೊಂಡರೂ ಒಂದೇ ಧ್ವನಿ ಕೇಳುತ್ತದೆ. ಬ್ಯಾಟ್‌ಮನ್ ಹಾಗಲ್ಲ, ಅವನು ಪ್ರಕಾಶನ ಸಂಸ್ಥೆಯ ಸೊತ್ತು. ಬರೆಯುವವರು ಬದಲಾದಂತೆ ಪಾತ್ರಗಳೂ ಬದಲಾಗುತ್ತವೆ. ಒಂದು ಪುಸ್ತಕದಲ್ಲಿ ಹೇಳಿದ್ದು ಇನ್ನೊಂದರಲ್ಲಿ ಸುಳ್ಳಾದರೆ ಗಾಬರಿಯಾಗಬೇಡಿ, ಲೇಖಕರ ಹೆಸರು ನೋಡಿ ಪುಸ್ತಕ ಆರಿಸಿರಿ.

ಜೋಕರ್ ಉಳಿದದ್ದೇ ಒಬ್ಬ ಸಂಪಾದಕರ ನಿರ್ಧಾರದಿಂದ. 1940ರಲ್ಲಿ ‘ಬ್ಯಾಟ್‌ಮನ್’ ಪತ್ರಿಕೆಯ ಮೊದಲ ಸಂಚಿಕೆಯಲ್ಲೇ ಅವನು ತನ್ನದೇ ಚೂರಿ ಎದೆಗೆ ನಾಟಿ ಸಾಯಬೇಕಾಗಿತ್ತು. ಇಂಥವನನ್ನು ಕಳೆದುಕೊಳ್ಳಬಾರದೆಂದು ಸಂಪಾದಕ ವಿಟ್ನಿ ಎಲ್ಸ್‌ವರ್ತ್ ಅವರು ಕೊನೆಗೆ ಇನ್ನೊಂದು ಚೌಕವನ್ನು ಸೇರಿಸಿ, ಅವನು ಬದುಕಿರುವನೆಂದು ತೋರಿಸಲು ಹೇಳಿದರು. ಆದರೆ ಜೋಕರ್‌ನಿಂದ ಆರಂಭಿಸಬೇಡಿ ಎಂದೇ ನಾನು ಹೇಳುವೆ. ಅವನ ಹೆಸರಿನೊಂದಿಗೆ ಎಲ್ಲರೂ ಶಿಫಾರಸು ಮಾಡುವ 1988ರ ‘ದಿ ಕಿಲ್ಲಿಂಗ್ ಜೋಕ್’ನಲ್ಲಿ ಬ್ರಯನ್ ಬೋಲಂಡ್ ಅವರ ಚಿತ್ರಗಳು ಅದ್ಭುತವಾಗಿವೆ, ನಿಜ. ಆದರೆ ಗಾರ್ಡನ್‌ನ ಮಗಳು ಬಾರ್ಬರಾಳ ಮೇಲೆ ಅಲ್ಲಿ ನಡೆಯುವ ಕ್ರೌರ್ಯ ಕೇವಲ ಅವಳ ತಂದೆಯನ್ನು ನೋಯಿಸುವುದಕ್ಕಾಗಿ ಬಳಕೆಯಾಗಿದೆ, ಅವಳ ನೋವಿಗೆ ಕಥೆಯಲ್ಲಿ ಜಾಗವೇ ಇಲ್ಲ. ಇದು ನನಗೆ ಇಂದಿಗೂ ಒಪ್ಪಿಗೆಯಾಗದ ಸಂಗತಿ. ಎಂಟನೇ ತರಗತಿಯ ಹುಡುಗಿಗೆ ಅದು ಖಂಡಿತ ಬೇಡ. ‘ಇಯರ್ ಒನ್’ನಲ್ಲಿಯೂ ನಗರದ ಕೊಳಕು ಬದುಕಿನ ಚಿತ್ರಣವಿರುವುದರಿಂದ ಅದನ್ನು ಸದ್ಯ ಅಣ್ಣನಿಗಷ್ಟೇ ಇಡಿ.

ತಂಗಿಗೆ 1992ರಲ್ಲಿ ಆರಂಭವಾದ ‘ದಿ ಬ್ಯಾಟ್‌ಮನ್ ಅಡ್ವೆಂಚರ್ಸ್’ ಪತ್ರಿಕೆಯ ಸಂಗ್ರಹಗಳನ್ನು ಕೊಡಿ. ಅದೇ ವರ್ಷದ ಅನಿಮೇಷನ್ ಧಾರಾವಾಹಿಯ ಶೈಲಿಯಲ್ಲಿ, ಬಹುತೇಕ ಒಂದೊಂದು ಸಂಚಿಕೆಗೆ ಒಂದೊಂದು ಕಥೆ ಮುಗಿಯುವಂತೆ ಅದು ಬಂತು. ಆ ಧಾರಾವಾಹಿ ಖಳರಿಗೆ ಮಾಡಿದ ಉಪಕಾರ ದೊಡ್ಡದು. 1959ರಲ್ಲಿ ‘ಮಿಸ್ಟರ್ ಝೀರೋ’ ಎಂಬ ಹೆಸರಿನಿಂದ ಬಂದ, ಹಿಮದ ಬಂದೂಕು ಹಿಡಿದ ಸಾಮಾನ್ಯ ಕಳ್ಳನೊಬ್ಬ ಅದರಲ್ಲಿ ಕಾಯಿಲೆಯ ಹೆಂಡತಿಯನ್ನು ಉಳಿಸಿಕೊಳ್ಳಲು ಹೆಣಗುವ ಮಿಸ್ಟರ್ ಫ್ರೀಝ್ ಆದ. ಹಾರ್ಲಿ ಕ್ವಿನ್ ಹುಟ್ಟಿದ್ದೂ ಅಲ್ಲಿಯೇ, ಕಾಮಿಕ್ಸ್‌ಗೆ ಅವಳು ಬಂದದ್ದು ಆಮೇಲೆ.

ಉತ್ತರ: ಗೋಕಾಕದ ಕರದಂಟು

ಹಳೆಯದರ ಗೊಡವೆಯೇ ಬೇಡವೆನ್ನುವವರಿಗೆ 2011ರಲ್ಲಿ ಸ್ಕಾಟ್ ಸ್ನೈಡರ್ ಮತ್ತು ಗ್ರೆಗ್ ಕಪುಲೊ ಆರಂಭಿಸಿದ ‘ದಿ ಕೋರ್ಟ್ ಆಫ್ ಔಲ್ಸ್’ ಹೆಚ್ಚು ಅನುಕೂಲ. ಗಾಥಮ್ ನಗರವನ್ನು ತಲೆಮಾರುಗಳಿಂದ ಗುಟ್ಟಾಗಿ ಆಳುತ್ತಿರುವ ಶ್ರೀಮಂತರ ಕೂಟವೇ ಅಲ್ಲಿನ ಖಳ. ಖಳನೇ ಹೊಸಬನಾದ್ದರಿಂದ ಹಿಂದಿನ ಯಾವ ತಿಳಿವಳಿಕೆಯೂ ಬೇಕಾಗುವುದಿಲ್ಲ. ಚಕ್ರವ್ಯೂಹದಂಥ ನೆಲಮಾಳಿಗೆಯಲ್ಲಿ ಬ್ಯಾಟ್‌ಮನ್ ಸಿಕ್ಕಿಬಿದ್ದು ದಿಕ್ಕು ತಪ್ಪುವಾಗ ಪುಟಗಳೂ ಅಡ್ಡವಾಗಿ, ತಲೆಕೆಳಗಾಗಿ ತಿರುಗುತ್ತವೆ, ನಾವು ಪುಸ್ತಕವನ್ನೇ ಕೈಯಲ್ಲಿ ತಿರುಗಿಸುತ್ತ ಓದಬೇಕಾಗುತ್ತದೆ. ಮೊಬೈಲ್ ಪರದೆಯಲ್ಲಿ ಇದನ್ನು ಓದಬೇಡಿ, ಅಚ್ಚಾದ ಪುಸ್ತಕವನ್ನೇ ತರಿಸಿರಿ.

ಪ್ರಶ್ನೆ ಕೇಳಿದವರು: ನವನಗರದ ಓದುಗ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ರನ್ನನ ಪ್ರಸ್ತಾಪ ಬಂದ ಮೇಲೆ ಟೂ-ಫೇಸ್‌ನನ್ನು ಬಿಟ್ಟು ಬೇರೆಡೆ ಹೋಗುವ ಮನಸ್ಸಿಲ್ಲ. ‘ದಿ ಲಾಂಗ್ ಹ್ಯಾಲೋವೀನ್’ ಮುಗಿದ ಮೇಲೆ ಅವನ ಕಥೆ ಅಲ್ಲಿಗೇ ನಿಲ್ಲುತ್ತದೆಯೋ, ಮುಂದಿನ ಭಾಗವಿದೆಯೋ?

ಉತ್ತರ: ತಿಲಕವಾಡಿ, ಬೆಳಗಾವಿ

ಇದೆ ಸರ್. ಅದೇ ಲೇಖಕ, ಅದೇ ಚಿತ್ರಕಾರರು 1999–2000ರಲ್ಲಿ ‘ಡಾರ್ಕ್ ವಿಕ್ಟರಿ’ಯನ್ನು ತಂದರು. ಹಳೆಯ ಕೊಲೆಗಳ ನೆರಳು ಇನ್ನೂ ಕರಗಿರುವುದಿಲ್ಲ, ಡೆಂಟ್‌ನನ್ನು ಕಳೆದುಕೊಂಡ ಬ್ಯಾಟ್‌ಮನ್ ಯಾರನ್ನೂ ಹತ್ತಿರ ಬಿಟ್ಟುಕೊಳ್ಳದಂತಾಗಿರುತ್ತಾನೆ; ಅಂಥ ಹೊತ್ತಿನಲ್ಲಿ ತಂದೆತಾಯಿಯನ್ನು ಕಳೆದುಕೊಂಡ, ಮುಂದೆ ಅವನ ಜೊತೆಗಾರನಾಗುವ ಹುಡುಗ ರಾಬಿನ್ ಅವನ ಮನೆಗೆ ಬರುತ್ತಾನೆ. ಎರಡನ್ನೂ ಒಟ್ಟಿಗೇ ತರಿಸಿರಿ. ಬಿಡಿ ಸಂಚಿಕೆಗಳನ್ನು ಹುಡುಕುತ್ತ ಹಣ ಕಳೆಯಬೇಡಿ, ಸಂಗ್ರಹ ರೂಪದ ಪುಸ್ತಕವೇ ಸಾಕು. ಕೊಳ್ಳುವಾಗ ‘ದಿ ಲಾಂಗ್ ಹ್ಯಾಲೋವೀನ್’ ಪ್ರತಿಯಲ್ಲಿ ಹದಿಮೂರು ಸಂಚಿಕೆಗಳೂ ಸೇರಿವೆಯೇ ಎಂದು ವಿವರಣೆಯಲ್ಲಿ ನೋಡಿಕೊಳ್ಳಿರಿ.