ಅನ್ಸಿಬಲ್: 42 ಸರ್ವರಿಗೆ ಒಮ್ಮೆಲೇ ಬಿಟ್ರ ಹತ್ತು-ಹದಿನೈದು ಅನ್‌ರೀಚೆಬಲ್, ಪ್ರತಿ ಸಲ ಬ್ಯಾರೆ ಬ್ಯಾರೆ

ಹುಬ್ಬಳ್ಳಿ_ರ್‍ಯಾಕ್
ಎರಡು ದಿನದಿಂದ ತಲಿ ಕೆಟ್ಟೈತ್ರಿ. ಹುಬ್ಬಳ್ಳಿ, ಗದಗ, ಹಾವೇರಿ ಸೇರಿ 42 ಉಬುಂಟು ಸರ್ವರ್. ಎಲ್ಲಾದ್ರಾಗೂ ಓಪನ್‌ಎಸ್‌ಎಸ್‌ಎಲ್ (ಎನ್‌ಕ್ರಿಪ್ಶನ್ ಲೈಬ್ರರಿ) ಅಪ್‌ಡೇಟ್ ಹಾಕೂದೈತಿ, ಒಂದ ಜಾಗದಿಂದ ಭಾಳ ಸರ್ವರ್ ನಡಸೋ ಅನ್ಸಿಬಲ್ ಬಳಸಿ. ಫೋರ್ಕ್ಸ್ (ಒಮ್ಮೆಲೇ ಎಷ್ಟು ಸರ್ವರಿಗೆ ಹೋಗಬೇಕನ್ನೂದು) 42 ಕೊಟ್ಟು ಬರೇ ಪಿಂಗ್ ಮಾಡ್ಯೂಲ್ (ಲಾಗಿನ್ ಆಗಿ ಪಾಂಗ್ ಅಂತ ಉತ್ತರ ಬರತೈತೇನು ನೋಡೂದು) ಓಡಿಸಿದ್ರೂ ಹತ್ತು-ಹದಿನೈದು ಅನ್‌ರೀಚೆಬಲ್. ಮತ್ತೊಮ್ಮೆ ಓಡಿಸಿದ್ರ ಬ್ಯಾರೇವು ಬೀಳ್ತಾವು! ಒಂದೊಂದಕ್ಕ ಕೈಲೆ ಎಸ್‌ಎಸ್‌ಎಚ್ (ದೂರದ ಸರ್ವರಿಗೆ ಸುರಕ್ಷಿತ ಲಾಗಿನ್) ಮಾಡಿದ್ರ ಎಲ್ಲಾ ಸರಿ. ಎರರ್: "ಕನೆಕ್ಷನ್ ಕ್ಲೋಸ್ಡ್ ಬೈ ರಿಮೋಟ್ ಹೋಸ್ಟ್". ಲಗೂನ ಹೇಳ್ರಿ ಯಾರಾದ್ರೂ.

ಹಾವೇರಿ_ರೂಟ್
ಫೇಲ್‌ಟುಬ್ಯಾನ್ (ಪದೇ ಪದೇ ಲಾಗಿನ್ ತಪ್ಪಿದ ಐಪಿ ತಡಿಯೋ ತಂತ್ರಾಂಶ) ಕಾಟ ಇದು. ನಿಮ್ಮ ಐಪಿ ಬ್ಯಾನ್ ಆಗಾಕತ್ತೈತಿ. ಇಗ್ನೋರ್‌ಐಪಿಗೆ (ತಡೀಬಾರದ ಐಪಿ ಪಟ್ಟಿ) ನಿಮ್ಮ ಮಷೀನ್ ಸೇರಿಸ್ರಿ.

ಹುಬ್ಬಳ್ಳಿ_ರ್‍ಯಾಕ್
ಸೇರಿಸೀನ್ರಿ, 42ರಾಗೂ. ಹಂಗ ಐತಿ.

ಹಾವೇರಿ_ರೂಟ್
ಜೈಲ್ (ಫೇಲ್‌ಟುಬ್ಯಾನ್ ನಿಯಮ) ರೀಲೋಡ್ ಮಾಡೀರಿಲ್ಲೋ? ಹಳೇ ಬ್ಯಾನ್ ಉಳಿದಿರತಾವು. ಎಲ್ಲಾ ಅನ್‌ಬ್ಯಾನ್ ಮಾಡಿ ನೋಡ್ರಿ.

ಧಾರವಾಡ_ಟರ್ಮಿನಲ್
ಬ್ಯಾನ್ ಆದ್ರ ಡಿಫಾಲ್ಟ್ ಪ್ರಕಾರ 10 ನಿಮಿಷ ಆ ಐಪಿಗೆ ಬಾಗಿಲಾನ ಮುಚ್ಚತದ. ಇಲ್ಲಿ ಈಗ ಬಿದ್ದದ್ದು ಮರುಕ್ಷಣಕ್ಕ ಎದ್ದು ಬರ್ತದ ಅಂತಾರಲ್ಲ, ಅದು ಬ್ಯಾನ್ ಹೆಂಗಾಗ್ತದ? ಬೀಳೋ ಸರ್ವರ್ ಪ್ರತಿ ಸಲ ಬದಲಾಗ್ತಾವ ಅಂದ್ರ ತಪ್ಪು ಆ ಸರ್ವರಿನದಲ್ಲ, ನಡುವಿನ ದಾರೀದು. ರ್‍ಯಾಕ್ ಅವರ, ಎರರ್ ಪೂರ್ತಿ ಹಾಕ್ರಿ, ಒಂದ ಸಾಲಲ್ಲ. ಫೋರ್ಕ್ಸ್ 5 ಇದ್ದಾಗ ಏನಾಗ್ತದ ಅದನ್ನೂ ಹೇಳ್ರಿ.

ಗದಗ_ಲಿನಕ್ಸ್
ಇಷ್ಟಕ್ಕ ಅನ್ಸಿಬಲ್ ಯಾಕ್ರಿ? ನಮ್ಮ ಕಡೆ 43 ಇಂಚಿನ ಪರದೆ, ಟೀಮಕ್ಸ್‌ನ್ಯಾಗ (ಒಂದ ಟರ್ಮಿನಲ್ ಭಾಗ ಮಾಡೋ ತಂತ್ರಾಂಶ) 16 ಪೇನ್ (ಭಾಗ), ಸಿಂಕ್ರೊನೈಜ್ ಆನ್. ಒಮ್ಮೆ ಟೈಪ್ ಮಾಡಿದ್ರ 16ರಾಗೂ ಓಡತೈತಿ, ಕಣ್ಣಮುಂದ ಕಾಣತೈತಿ.

ಧಾರವಾಡ_ಟರ್ಮಿನಲ್
ಅಪ್‌ಡೇಟಿಗೆ ಅದು ಭಾಳ ಅಪಾಯ. ಹದಿನೈದು ಪೇನ್ ಪ್ರಾಂಪ್ಟಿಗೆ ಬಂದಿರ್ತಾವ, ಒಂದು ಮಾತ್ರ "ಕಾನ್ಫಿಗ್ ಫೈಲ್ ಬದಲಿಸಲೇನು" ಅಂತ ಕೇಳಕೋತ ನಿಂತಿರ್ತದ. ನೀವು ಒತ್ತಿದ ವೈ ಎಲ್ಲಾದಕ್ಕೂ ಹೋಗ್ತದ. ಎಲ್ಲಿ ಫೇಲ್ ಆತು ಅನ್ನೋ ಲೆಕ್ಕಾನೂ ಸಿಗೂದಿಲ್ಲ.

ಹುಬ್ಬಳ್ಳಿ_ರ್‍ಯಾಕ್
ಫೋರ್ಕ್ಸ್ 5 ಇಟ್ರ ಒಂದೂ ಬೀಳೂದಿಲ್ಲ, ಆದ್ರ ಭಾಳ ನಿಧಾನ. ಎರರಿನ ಎರಡನೇ ಸಾಲು: "ಕನೆಕ್ಷನ್ ಕ್ಲೋಸ್ಡ್ ಬೈ ಅನ್‌ನೋನ್ ಪೋರ್ಟ್ 65535". ಎಲ್ಲಾ ಸರ್ವರಿನ ಪೋರ್ಟ್ 22 ಐತಿ, ಈ 65535 ಎಲ್ಲಿಂದ ಬಂತೋ!

ಧಾರವಾಡ_ಟರ್ಮಿನಲ್
ಸಿಕ್ತು. ನೀವು ಜಂಪ್ ಸರ್ವರ್ (ಒಳಗಿನ ಸರ್ವರಿಗೆ ಹೋಗೋ ನಡುವಿನ ಸರ್ವರ್) ಮೂಲಕ ಹೋಗ್ಲಿಕ್ಕತ್ತೀರಿ, ಹೌದಿಲ್ಲೋ? ಪ್ರಾಕ್ಸಿಜಂಪ್ (ಜಂಪ್ ಮೂಲಕ ಹೋಗೋ ಎಸ್‌ಎಸ್‌ಎಚ್ ಆಪ್ಶನ್) ಇದ್ದಾಗ ಹೊರಗಿನ ಎಸ್‌ಎಸ್‌ಎಚ್‌ಗೆ ನೇರ ಸಾಕೆಟ್ (ನೆಟ್‌ವರ್ಕ್ ಕೊಂಡಿ) ಇರೂದಿಲ್ಲ, ಅದಕ್ಕ ವಿಳಾಸ ಅನ್‌ನೋನ್, ಪೋರ್ಟ್ 65535 ಅಂತ ತೋರಸ್ತದ.

ಹುಬ್ಬಳ್ಳಿ_ರ್‍ಯಾಕ್
ಹೌದ್ರಿ, ಎಲ್ಲಾ ಒಂದ ಜಂಪ್ ಮ್ಯಾಲಿಂದ. ಅದು ಚಲೋನ ಐತಿ ಅಂತ ಹೇಳಿರ್ಲಿಲ್ಲ.

ಧಾರವಾಡ_ಟರ್ಮಿನಲ್
ಅದ ಮುಖ್ಯ ಇತ್ತು ನೋಡ್ರಿ. ಎಸ್‌ಎಸ್‌ಎಚ್‌ಡಿಯ (ಸರ್ವರ್ ಬದಿಯ ಎಸ್‌ಎಸ್‌ಎಚ್) ಮ್ಯಾಕ್ಸ್‌ಸ್ಟಾರ್ಟಪ್ಸ್ ಡಿಫಾಲ್ಟ್ 10:30:100. ಲಾಗಿನ್ ಮುಗಿಯದ ಕನೆಕ್ಷನ್ 10 ಆದ ಕೂಡ್ಲೆ ಹೊಸದಾಗಿ ಬಂದದ್ದರಾಗ ನೂರಕ್ಕ 30 ಬೀಳಸ್ತದ, ಅದು ಏರಕೋತ ಹೋಗಿ 100ಕ್ಕ ಎಲ್ಲಾನೂ ಬೀಳಸ್ತದ. 42 ಒಮ್ಮೆಲೇ ಬಂದ್ರ ಚನ್ನಮ್ಮ ಸರ್ಕಲ್‌ನ್ಯಾಗ ಎಲ್ಲಾ ಕಡೆಯ ಗಾಡಿ ಕೂಡಿದಂಗ. ಐದಿದ್ದಾಗ 10 ಮುಟ್ಟೂದ ಇಲ್ಲ. ಜಂಪ್ ಮ್ಯಾಲ ಜರ್ನಲ್ (ಸಿಸ್ಟಮ್ ಲಾಗ್) ತಗದು "ಪಾಸ್ಟ್ ಮ್ಯಾಕ್ಸ್‌ಸ್ಟಾರ್ಟಪ್ಸ್" ಹುಡುಕ್ರಿ.

ಜಂಪ್‌ನ್ಯಾಗ 100:30:200 ಮಾಡಬಹುದು. ರೀಲೋಡ್ ಮಾಡೂಕಿಂತ ಮೊದಲ ಎಸ್‌ಎಸ್‌ಎಚ್‌ಡಿ ಸಣ್ಣ ಟಿ (-t) ಕೊಟ್ಟು ಫೈಲ್ ತಪ್ಪಿಲ್ಲ ಅಂತ ನೋಡ್ರಿ, ಇನ್ನೊಂದು ಸೆಶನ್ ತಗದಿಟ್ಟಿರ್ರಿ. ಆಮ್ಯಾಲ ದೊಡ್ಡ ಟಿ (-T) ಕೊಟ್ಟು ನಿಜವಾಗಿ ಯಾವ ಬೆಲೆ ಹತ್ತ್ಯದ ನೋಡ್ರಿ. ಮೊದಲು ಸಿಕ್ಕ ಸಾಲಾನ ಗೆಲ್ತದ, ಕೊನೀಗೆ ಬರದದ್ದು ಕೆಲಸಕ್ಕ ಬರೂದಿಲ್ಲ.

ಅದಕ್ಕಿಂತ ಚಲೋ ದಾರಿ: ನಿಮ್ಮ ಮಷೀನಿನ ಎಸ್‌ಎಸ್‌ಎಚ್ ಕಾನ್ಫಿಗ್‌ನ್ಯಾಗ ಜಂಪ್ ಹೋಸ್ಟಿಗೆ ಕಂಟ್ರೋಲ್‌ಮಾಸ್ಟರ್ (ತಗದ ಕನೆಕ್ಷನ್ ಹಂಚಿಕೊಳ್ಳೂದು) ಆಟೋ, ಕಂಟ್ರೋಲ್‌ಪರ್ಸಿಸ್ಟ್ (ಅದನ್ನ ತಗದಿಡೋ ಹೊತ್ತು) 10 ನಿಮಿಷ, ಕಂಟ್ರೋಲ್‌ಪಾತ್ (ಅದರ ಸಾಕೆಟ್ ಫೈಲ್ ಇರೋ ಜಾಗ) ಕೊನೀಗೆ ಪರ್ಸೆಂಟ್ ದೊಡ್ಡ ಸಿ (%C). ಒಂದ ಕನೆಕ್ಷನ್ನಿನ ಮ್ಯಾಲ 42ನೂ ಹೋಗ್ತಾವ.

ಹಾವೇರಿ_ರೂಟ್
ಅನ್ಸಿಬಲ್‌ನ್ಯಾಗ ಕಂಟ್ರೋಲ್‌ಪರ್ಸಿಸ್ಟ್ 60 ಸೆಕೆಂಡ್ ಮೊದಲ ಐತಲ್ಲ? ಮತ್ತ ಮ್ಯಾಕ್ಸ್‌ಸೆಶನ್ಸ್ (ಒಂದು ಕನೆಕ್ಷನ್ನಿನ ಸೆಶನ್ ಮಿತಿ) 10 ಅಡ್ಡ ಬರತೈತಿ.

ಧಾರವಾಡ_ಟರ್ಮಿನಲ್
ಆ 60 ಸೆಕೆಂಡ್ ಕೊನೀ ಸರ್ವರಿನ ಕನೆಕ್ಷನ್ನಿಗೆ ಮಾತ್ರ. ಜಂಪಿಗೆ ಹೋಗೋ ಎಸ್‌ಎಸ್‌ಎಚ್ ಆ ಆಪ್ಶನ್ ತಗೋಳೂದಿಲ್ಲ, ಕಾನ್ಫಿಗ್ ಫೈಲ್ ಓದ್ತದ. ಮ್ಯಾಕ್ಸ್‌ಸೆಶನ್ಸ್ ಶೆಲ್, ಲಾಗಿನ್, ಎಸ್‌ಎಫ್‌ಟಿಪಿ ಥರದ್ದಕ್ಕ; ಪ್ರಾಕ್ಸಿಜಂಪ್ ಮಾಡೂದು ಫಾರ್ವರ್ಡಿಂಗ್, ಲೆಕ್ಕಕ್ಕ ಬರೂದಿಲ್ಲ. ಆದ್ರ ಒಂದು: ಪ್ಲೇಬುಕ್ (ಅನ್ಸಿಬಲ್ ಮಾಡಬೇಕಾದ ಕೆಲಸದ ಪಟ್ಟಿ) ಬಿಡೂಕಿಂತ ಮುಂಚೆ ಜಂಪಿಗೆ ಒಮ್ಮೆ ಕೈಲೆ ಲಾಗಿನ್ ಆಗ್ರಿ. ಮಾಸ್ಟರ್ (ಎಲ್ಲಾ ಹಂಚಿಕೊಳ್ಳೋ ಮೊದಲ ಕನೆಕ್ಷನ್) ಇಲ್ಲದಾಗ 42 ಒಮ್ಮೆಲೇ ಹೊಂಟ್ರ ಪ್ರತಿಯೊಂದೂ ಹೊಸ ಕನೆಕ್ಷನ್ ತಗೀತಾವ, ಮತ್ತ ಅದ ಗೋಳು.

ಹುಬ್ಬಳ್ಳಿ_ರ್‍ಯಾಕ್
42ಕ್ಕ 42 ಪಾಂಗ್! ಜರ್ನಲ್‌ನ್ಯಾಗ ನೀವು ಹೇಳಿದ ಸಾಲ ಇತ್ತು. ಈಗ ಎಪಿಟಿ (ಉಬುಂಟುವಿನ ಪ್ಯಾಕೇಜ್ ಹಾಕೋ ಸಾಧನ) ಹಚ್ಚಿದ್ರ ಗದಗಿನ ಮೂರು ಡಿಪಿಕೆಜಿ ಲಾಕ್ (ಬ್ಯಾರೆ ಪ್ಯಾಕೇಜ್ ಕೆಲಸ ನಡದಾಗಿನ ಬೀಗ) ಅಂತ ಫೇಲ್. ಲಾಕ್ ಫೈಲ್ ಅಳಿಸಲೇನ್ರಿ?

ಗದಗ_ಲಿನಕ್ಸ್
ಅಳಿಸಬ್ಯಾಡ್ರಿ! ಅನ್‌ಅಟೆಂಡೆಡ್ ಅಪ್‌ಗ್ರೇಡ್ (ತಾನ ಆಗೋ ಅಪ್‌ಡೇಟ್) ಓಡಾಕತ್ತಿರಬೇಕು, ನಡುವ ಕಸಕೊಂಡ್ರ ಪ್ಯಾಕೇಜ್ ಅರ್ಧಕ್ಕ ನಿಲ್ಲತಾವು. ಎಪಿಟಿ ಮಾಡ್ಯೂಲಿನ ಲಾಕ್‌ಟೈಮ್‌ಔಟ್ (ಬೀಗಕ್ಕ ಕಾಯೋ ಹೊತ್ತು) 60 ಸೆಕೆಂಡ್ ಇರತೈತಿ, 600 ಮಾಡ್ರಿ. ಪ್ಲೇಬುಕ್‌ನ್ಯಾಗ ಸೀರಿಯಲ್ 8 (ಎಂಟೆಂಟು ಸರ್ವರಿನ ಸರದಿ), ಜೋಡಿ ಮ್ಯಾಕ್ಸ್ ಫೇಲ್ ಪರ್ಸೆಂಟೇಜ್ 0 ಹಾಕ್ರಿ, ಏನರ ಕೆಟ್ರ ಎಂಟಕ್ಕ ನಿಲ್ಲಲಿ. ಮುಗಿದ ಮ್ಯಾಲ ಎಲ್‌ಎಸ್‌ಒಎಫ್‌ನ್ಯಾಗ (ಯಾವ ಪ್ರೋಗ್ರಾಮ್ ಯಾವ ಫೈಲ್ ತಗದೈತಿ ತೋರಸೋ ಕಮಾಂಡ್) ಡಿಇಎಲ್ (ಅಳಿಸಿ ಹೋದದ್ದು) ಅಂತ ಲಿಬ್‌ಎಸ್‌ಎಸ್‌ಎಲ್ (ಓಪನ್‌ಎಸ್‌ಎಸ್‌ಎಲ್ ಲೈಬ್ರರಿ ಫೈಲ್) ಹಿಡಕೊಂಡವು ಯಾವು ನೋಡಿ ರೀಸ್ಟಾರ್ಟ್ ಮಾಡ್ರಿ. ಎಂಜಿನ್‌ಎಕ್ಸ್ (ವೆಬ್ ಸರ್ವರ್) ಹಳೇ ಲೈಬ್ರರಿ ಮೆಮೊರಿಯಾಗ ಇಟ್ಕೊಂಡು ಕುಂತಿರತೈತಿ.