ಗಿಡ್ಡ ನಳಿಕೆಯ ರೈಫಲ್: ‘ಮಝಲ್ ಬ್ಲಾಸ್ಟ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

‘ಸ್ಫೋಟವನ್ನು ಮರುನಿರ್ದೇಶಿಸುವ ಮೂತಿ ಸಾಧನ.’ ತಿದ್ದಲು ಬಂದಿರುವ ಒಂದು ಬರಹದಲ್ಲಿ ಈ ಸಾಲು ಇದೆ. ಗಿಡ್ಡ ನಳಿಕೆಯ ರೈಫಲ್‌ಗಳ ತುದಿಗೆ ತಿರುಪಿ ಕೂರಿಸುವ ಲೋಹದ ತುಂಡಿನ ಬಗ್ಗೆ ಹೇಳುತ್ತಿದ್ದಾರೆ. ಇಂಗ್ಲಿಷಿನಲ್ಲಿ ಅದು ಮಝಲ್ ಡಿವೈಸ್. ಸಾಲಿನ ಒಂದೊಂದು ಪದಕ್ಕೂ ನಿಘಂಟಿನ ಬೆಂಬಲವಿದೆ. ಆದರೂ ಓದಿದವರ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಕಟ್ಟಿದರೂ ತಪ್ಪು ಚಿತ್ರ ಕಟ್ಟುತ್ತದೆ. ನನಗೆ ತೋಚಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಂದೂಕಿನ ಒಡನಾಟ ಇರುವವರು, ಪದಗಳ ಒಡನಾಟ ಇರುವವರು ಇಬ್ಬರ ಮಾತೂ ಬೇಕು.

ಮೊದಲು ಅಲ್ಲಿ ನಡೆಯುವುದೇನು ಅಂತ ಹೇಳಿಬಿಡುತ್ತೇನೆ. ಟ್ರಿಗರ್ ಎಳೆದಾಗ ತೋಟೆಯೊಳಗಿನ ಮದ್ದು ಉರಿದು ಅನಿಲವಾಗುತ್ತದೆ. ಆ ಅನಿಲವೇ ಗುಂಡನ್ನು ನಳಿಕೆಯ ಉದ್ದಕ್ಕೂ ನೂಕುವುದು. ನಳಿಕೆ ಉದ್ದವಿದ್ದರೆ ಗುಂಡು ಹೊರಬೀಳುವ ಹೊತ್ತಿಗೆ ಅನಿಲ ಹಿಗ್ಗಿ ಒತ್ತಡ ಸಾಕಷ್ಟು ಇಳಿದಿರುತ್ತದೆ. ಗಿಡ್ಡವಿದ್ದರೆ ಇಳಿಯಲು ಜಾಗವೇ ಸಿಗುವುದಿಲ್ಲ. ಒತ್ತಡ ಇನ್ನೂ ಜೋರಾಗಿರುವಾಗಲೇ ಗುಂಡು ಹೊರಗೆ ಹಾರುತ್ತದೆ, ಅದರ ಬೆನ್ನಿಗೇ ಬಿಸಿ ಅನಿಲ ನುಗ್ಗುತ್ತದೆ. ಉರಿಯದೆ ಉಳಿದದ್ದು ಹೊರಗಿನ ಗಾಳಿ ಸೋಕಿದೊಡನೆ ಭಗ್ ಎಂದು ಹೊತ್ತಿಕೊಳ್ಳುತ್ತದೆ. ಹೀಗೆ ನುಗ್ಗುವ ಅನಿಲದ ಬಡಿತವೇ ಮಝಲ್ ಬ್ಲಾಸ್ಟ್. ಎಂ16 ರೈಫಲ್‌ನ ನಳಿಕೆ 20 ಇಂಚು. ಎಂ4ದು 14.5 ಇಂಚು. ಅದೇ 5.56 ಮಿ.ಮೀ. ತೋಟೆ ಹಾಕುವ ಎಂಕೆ 18ರ ನಳಿಕೆ ಬರೀ 10.3 ಇಂಚು. ತೋಟೆ ಒಂದೇ, ಮದ್ದು ಒಂದೇ. ನಳಿಕೆ ಹೆಚ್ಚುಕಡಿಮೆ ಅರ್ಧ. ಹಾರಿಸುವವನ ಮುಖಕ್ಕೂ ಹೊಗೆ ಬೆಂಕಿಗೂ ನಡುವಿನ ದೂರವೂ ಅಷ್ಟೇ ಕಡಿಮೆ.

ಈಗ ‘ಸ್ಫೋಟ’ಕ್ಕೆ ಬರೋಣ. ಬ್ಲಾಸ್ಟ್ ಅಂದ ತಕ್ಷಣ ಕೈ ಈ ಪದಕ್ಕೆ ಹೋಗುತ್ತದೆ. ಆದರೆ ‘ಬಂದೂಕಿನ ಸ್ಫೋಟ’ ಎಂದು ಓದಿದವರು ಏನಂದುಕೊಳ್ಳುತ್ತಾರೆ? ಬಂದೂಕೇ ಒಡೆದು ಚೂರಾಯಿತು ಅಂತ ತಾನೇ? ಹಾಗೆ ಆಗುವುದೂ ಉಂಟು. ನಳಿಕೆಯೊಳಗೆ ಮಣ್ಣೋ ಬಟ್ಟೆಯ ತುಂಡೋ ಸಿಕ್ಕಿಕೊಂಡಿದ್ದಾಗ ಗುಂಡು ಹಾರಿಸಿದರೆ ನಳಿಕೆ ಸೀಳಿಹೋಗುತ್ತದೆ. ‘ಸ್ಫೋಟ’ವನ್ನು ಆ ಅನಾಹುತಕ್ಕೆ ಎತ್ತಿಡಬೇಕು. ನಾವು ಹೇಳುತ್ತಿರುವುದು ಪ್ರತಿ ಸಲ ಗುಂಡು ಹಾರಿಸಿದಾಗಲೂ ಆಗುವಂಥದ್ದು. ‘ಸಿಡಿತ’ ಅನ್ನೋಣವೆಂದರೆ ಅದಕ್ಕೂ ಬೇರೆ ಕೆಲಸವಿದೆ. ‘ಆಕಸ್ಮಿಕವಾಗಿ ಬಂದೂಕು ಸಿಡಿದು’ ಎಂದು ಪತ್ರಿಕೆಯಲ್ಲಿ ಬಂದರೆ ಗುಂಡು ಹಾರಿತು ಎಂದೇ ಅರ್ಥ. ‘ಶಬ್ದ’, ‘ಸದ್ದು’ ಸಾಲುವುದಿಲ್ಲ. ಸದ್ದು ಕಿವಿಗೆ ಮಾತ್ರ. ಇದು ಕೆನ್ನೆಗೆ, ಹಣೆಗೆ, ಎದೆಗೆ ಬಡಿಯುತ್ತದೆ. ಮುಂದಿರುವ ದೂಳು, ಒಣಹುಲ್ಲು ಎದ್ದು ಹಾರುತ್ತವೆ.

ಹಾಗಾಗಿ ನನ್ನ ಮನಸ್ಸು ‘ಹೊಡೆತ’ದ ಕಡೆಗಿದೆ. ಗಾಳಿಯ ಹೊಡೆತಕ್ಕೆ ಮರ ಉರುಳಿತು, ಅಲೆಯ ಹೊಡೆತಕ್ಕೆ ದೋಣಿ ಮಗುಚಿತು ಅಂತೀವಲ್ಲ, ಆ ಹೊಡೆತ. ಬಿಡಿಯಾಗಿ ‘ಹೊಡೆತ’ ಎಂದರೆ ‘ಒಂದೇ ಹೊಡೆತಕ್ಕೆ ಗುರಿ ಮುಟ್ಟಿತು’ ಎನ್ನುವಾಗಿನ ಅರ್ಥ ಅಡ್ಡ ಬರುತ್ತದೆ. ‘ಅನಿಲದ ಹೊಡೆತ’ ಎಂದು ಪೂರ್ತಿ ಬರೆದರೆ ಆ ಗೊಂದಲ ಇರುವುದಿಲ್ಲ. ಎರಡು ಪದವಾಯಿತು ಅಂತ ಕೆಲವರು ತಕರಾರು ಮಾಡಬಹುದು. ಅರ್ಥ ತಾನಾಗಿ ತಿಳಿಯುವ ಎರಡು ಪದ, ವಿವರಿಸಬೇಕಾದ ಒಂದು ಪದಕ್ಕಿಂತ ಎಷ್ಟೋ ವಾಸಿ ಎನ್ನುವುದು ನನ್ನ ನಿಲುವು.

‘ಮೂತಿ’ ಕೆಟ್ಟ ಪದವಲ್ಲ. ನಾಯಿಯ ಮೂತಿಗೂ ಬಂದೂಕಿನ ತುದಿಗೂ ಇಂಗ್ಲಿಷಿನಲ್ಲಿ ಒಂದೇ ಹೆಸರಿರುವುದರಿಂದ ಅದು ಬಂದಿದೆ. ಆದರೆ ಈ ವಿಷಯದಲ್ಲಿ ಮಾತುಮಾತಿಗೂ ‘ತಿರುಗಿಸು’ ಬರುತ್ತದೆ. ಕನ್ನಡದಲ್ಲಿ ‘ಮೂತಿ ತಿರುಗಿಸು’ ಅಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಕೊಡದ ಬಾಯಿ, ಚೀಲದ ಬಾಯಿ ಇರುವ ಹಾಗೆ ‘ನಳಿಕೆಯ ಬಾಯಿ’ ಸಹಜವಾಗಿ ಕೂರುತ್ತದೆ. ‘ಮರುನಿರ್ದೇಶಿಸು’ ಬದಲಿಗೆ ‘ದಿಕ್ಕು ತಿರುಗಿಸು’ ಸಾಕು. ಅದರ ಬಗ್ಗೆ ಜಾಸ್ತಿ ಚರ್ಚೆ ಬೇಡ ಅನಿಸುತ್ತದೆ.

ಕಷ್ಟ ಶುರುವಾಗುವುದು ಮುಂದೆ. ನಳಿಕೆಯ ಬಾಯಿಗೆ ಹಾಕುವ ತುಂಡುಗಳೆಲ್ಲ ಒಂದೇ ಕೆಲಸ ಮಾಡುವುದಿಲ್ಲ. ನೋಡಲು ಒಂದೇ ಥರ ಇರುತ್ತವೆ: ಬೆರಳುದ್ದದ ಕಪ್ಪು ಉಕ್ಕು, ಅದರಲ್ಲಿ ಸೀಳುಗಳೋ ತೂತುಗಳೋ. ಆ ತೂತು ಯಾವ ಕಡೆಗಿದೆ ಎನ್ನುವುದರಲ್ಲೇ ಎಲ್ಲ ಇದೆ.

ತೂತುಗಳು ಪಕ್ಕಕ್ಕೆ, ಇಲ್ಲವೇ ಪಕ್ಕಕ್ಕೂ ಸ್ವಲ್ಪ ಹಿಂದಕ್ಕೂ ಬಾಗಿದ್ದರೆ ಅದು ಮಝಲ್ ಬ್ರೇಕ್. ಅನಿಲ ಆ ಗೋಡೆಗಳಿಗೆ ಬಡಿದು ಬಂದೂಕನ್ನು ಮುಂದಕ್ಕೆ ಎಳೆಯುತ್ತದೆ, ಭುಜಕ್ಕೆ ಬೀಳುವ ಒದೆತ ಕಡಿಮೆಯಾಗುತ್ತದೆ. ಸೋವಿಯತ್ ರೈಫಲ್ ಎಕೆ-74ರ ತುದಿಯಲ್ಲಿರುವ ದಪ್ಪ ತುಂಡು ಇಂಥದ್ದು. ಹಾರಿಸುವವನಿಗೆ ಹಿತ, ಪಕ್ಕದಲ್ಲಿರುವವನಿಗೆ ಅಹಿತ. ಆ ಹೊಡೆತವೆಲ್ಲ ಅವನ ಕಡೆಗೇ ಬರುತ್ತದೆ. ಗಿಡ್ಡ ರೈಫಲ್‌ನಲ್ಲಿ ಮುಂದಿನ ಕೈ ನಳಿಕೆಯ ಬಾಯಿಗೆ ಹತ್ತಿರ ಇರುವುದರಿಂದ ಬೆರಳು ಸುಡುವ ಭಯವೂ ಇದೆ. ಕನ್ನಡ ಲಿಪಿಯಲ್ಲಿ ‘ಬ್ರೇಕ್’ ಎಂದು ಬರೆದರೆ ಮುರಿಯುವ ಬ್ರೇಕೋ ತಡೆಯುವ ಬ್ರೇಕೋ ಗೊತ್ತಾಗುವುದಿಲ್ಲ. ‘ಒದೆತ ತಡೆ’ ಎನ್ನಬಹುದು ಅನಿಸುತ್ತದೆ. ಬಂದೂಕು ‘ಒದೆಯುತ್ತದೆ’ ಎನ್ನುವ ಮಾತು ಮೊದಲೇ ಬಳಕೆಯಲ್ಲಿದೆಯಲ್ಲ.

ಕಾಂಪೆನ್ಸೇಟರ್ ಅನಿಲವನ್ನು ಮೇಲಕ್ಕೆ ಬಿಟ್ಟು, ಮೇಲೇಳುವ ಬಾಯಿಯನ್ನು ಕೆಳಕ್ಕೆ ಒತ್ತುತ್ತದೆ. ಎಕೆಎಂ ಎನ್ನುವ ಇನ್ನೊಂದು ಸೋವಿಯತ್ ರೈಫಲ್‌ನಲ್ಲಿ ಓರೆಯಾಗಿ ಕತ್ತರಿಸಿದ, ಕೆಳಗಿನ ಅಂಚು ಮುಂದೆ ಚಾಚಿದ ಪುಟ್ಟ ತುಂಡು ಇದೆಯಲ್ಲ, ಅದು ಮಾಡುವುದು ಇದನ್ನೇ. ಫ್ಲ್ಯಾಶ್ ಹೈಡರ್ ಬೆಂಕಿಯ ಮಿಂಚನ್ನು ಕುಗ್ಗಿಸುತ್ತದೆ. ಶತ್ರುವಿಗೆ ಕಾಣದಿರಲಿ ಅಂತ ಮಾತ್ರ ಅದನ್ನು ಹಾಕುತ್ತಾರೆ ಎಂದು ತುಂಬಾ ಜನ ತಿಳಿದಿದ್ದಾರೆ. ಕತ್ತಲಲ್ಲಿ ಹಾರಿಸುವವನ ಸ್ವಂತ ಕಣ್ಣು ಕೋರೈಸಬಾರದು, ಅದು ಇನ್ನೂ ದೊಡ್ಡ ಕಾರಣ. ಎಂ16ಎ1ರಲ್ಲಿ ಇದರ ಸೀಳುಗಳು ಸುತ್ತಲೂ ಇದ್ದವು. 1980ರ ದಶಕದ ಎಂ16ಎ2ರಲ್ಲಿ ಕೆಳಭಾಗವನ್ನು ಮುಚ್ಚಿದರು. ನೆಲಕ್ಕೆ ಮಲಗಿ ಗುಂಡು ಹಾರಿಸುವಾಗ ಕೆಳಗಿನ ಸೀಳಿನಿಂದ ಬಂದ ಅನಿಲ ದೂಳೆಬ್ಬಿಸಿ ಗುರಿಯನ್ನೇ ಮುಚ್ಚುತ್ತಿತ್ತು. ಒಂದು ಸೀಳು ಮುಚ್ಚಿದ್ದಕ್ಕೆ ದೂಳೂ ತಪ್ಪಿತು, ಬಾಯಿ ಮೇಲೇಳುವುದೂ ಒಂದಿಷ್ಟು ತಗ್ಗಿತು. ಇಂಥ ವಿವರ ಓದಿದಾಗ ನನಗೆ ಖುಷಿಯಾಗುತ್ತದೆ. ಯಾರೋ ದೂಳಿನಲ್ಲಿ ಮಲಗಿ ನೋಡಿ, ಯೋಚಿಸಿ ಮಾಡಿದ ತಿದ್ದುಪಡಿ ಅದು.

ನಾನು ತಿದ್ದುತ್ತಿರುವ ಸಾಲಿನಲ್ಲಿರುವುದು ಇವ್ಯಾವುದೂ ಅಲ್ಲ. ಅಲ್ಲಿ ಹೇಳಿರುವುದು ಅನಿಲವನ್ನೆಲ್ಲ ನೇರ ಮುಂದಕ್ಕೆ ಕಳಿಸುವ ತುಂಡಿನ ಬಗ್ಗೆ. ಪಕ್ಕದಲ್ಲಿ ತೂತೇ ಇಲ್ಲದ ಕೊಳವೆ. ಒಳಗೆ ಅನಿಲ ಸ್ವಲ್ಪ ಹಿಗ್ಗಲು ಜಾಗ. ಬಿಡುಗಡೆಯ ದಾರಿ ಎದುರಿಗೆ ಮಾತ್ರ. ಕೆಲವು ಬ್ರೇಕ್‌ನ ಮೇಲೆಯೇ ತೊಡಿಸುವ ಹೊರಗವಸಿನ ರೂಪದಲ್ಲೂ ಬರುತ್ತವೆ. ಇಂಗ್ಲಿಷಿನಲ್ಲಿ ಇದಕ್ಕೆ ಲೀನಿಯರ್ ಕಾಂಪೆನ್ಸೇಟರ್ ಅನ್ನುತ್ತಾರೆ. ಹೆಸರೇ ದಾರಿ ತಪ್ಪಿಸುವಂಥದ್ದು. ಒದೆತವನ್ನೂ ಇದು ತಗ್ಗಿಸುವುದಿಲ್ಲ, ಬಾಯಿ ಏಳುವುದನ್ನೂ ಹೇಳಿಕೊಳ್ಳುವಷ್ಟು ತಡೆಯುವುದಿಲ್ಲ. ಇದನ್ನು ‘ರೇಖೀಯ ಪರಿಹಾರಕ’ ಎಂದು ಕನ್ನಡಕ್ಕೆ ತಂದರೆ ಓದುಗರ ಗತಿ ಏನು? ಯಾವ ಪರಿಹಾರ, ಯಾರಿಗೆ ಪರಿಹಾರ?

ಕೈಗಳನ್ನು ಬಾಯಿಯ ಸುತ್ತ ಕಹಳೆಯ ಹಾಗೆ ಹಿಡಿದು ಕೂಗಿದರೆ ಕೂಗು ಸಣ್ಣದಾಗುವುದಿಲ್ಲ, ಮುಂದಕ್ಕೆ ಹೋಗುತ್ತದೆ. ಪಕ್ಕದಲ್ಲಿರುವವರಿಗೆ ಸ್ವಲ್ಪ ಮೆತ್ತಗೆ ಕೇಳಿಸುತ್ತದೆ. ಇಲ್ಲೂ ಅಷ್ಟೇ. ಹಾರಿಸುವವನಿಗೂ ಪಕ್ಕದವನಿಗೂ ಆರಾಮ, ಎದುರಿನ ಬಯಲಿಗೆ ಪೂರ್ತಿ ಹೊಡೆತ. ನಾಲ್ಕು ಗೋಡೆಯೊಳಗೆ ಹಾರಿಸಿದರೆ ಆ ಹೊಡೆತದಲ್ಲಿ ಒಂದು ಪಾಲನ್ನು ಗೋಡೆಗಳು ವಾಪಸ್ ತಂದು ಕೊಡುತ್ತವೆ.

ಅದಕ್ಕೇ ನಾನು ‘ತಿರುಗಿಸು’ ಮತ್ತು ‘ತಗ್ಗಿಸು’ ಇವೆರಡರ ವ್ಯತ್ಯಾಸಕ್ಕೆ ಇಷ್ಟು ಜೋತುಬಿದ್ದಿರುವುದು. ಕನ್ನಡದಲ್ಲಿ ಸಿಗುವ ಬರಹಗಳಲ್ಲಿ ಬಂದೂಕಿನ ತುದಿಯಲ್ಲಿ ಏನೇ ಇದ್ದರೂ ‘ಸೈಲೆನ್ಸರ್’ ಅಥವಾ ‘ಶಬ್ದ ನಿರೋಧಕ’ ಎಂದು ಬರೆಯುವುದುಂಟು. ಸೈಲೆನ್ಸರ್ ಬೇರೆಯೇ ವಸ್ತು. 1909ರಲ್ಲಿ ಹೈರಮ್ ಪರ್ಸಿ ಮ್ಯಾಕ್ಸಿಮ್ ಅದಕ್ಕೆ ಪೇಟೆಂಟ್ ಪಡೆದರು. ಅದರೊಳಗೆ ಸಾಲಾಗಿ ತಡೆಬಿಲ್ಲೆಗಳಿರುತ್ತವೆ. ಅನಿಲ ಅಲ್ಲಿ ಸಿಕ್ಕಿಕೊಂಡು, ಹಿಗ್ಗಿ, ತಣಿದು, ನಿಧಾನವಾಗಿ ಹೊರಬರುತ್ತದೆ. ಹಾಗೆ ಮಾಡಿದರೂ ಸದ್ದು ಪೂರ್ತಿ ಅಡಗುವುದಿಲ್ಲ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್, 5.56ರ ಗುಂಡು ಗಿಡ್ಡ ನಳಿಕೆಯಿಂದ ಹೊರಟರೂ ಅದರ ಎರಡರಷ್ಟಕ್ಕಿಂತ ಜಾಸ್ತಿ ವೇಗದಲ್ಲಿರುತ್ತದೆ. ಗಾಳಿ ಸೀಳುವ ಆ ಚಟ್ ಸದ್ದನ್ನು ತುದಿಯ ಯಾವ ತುಂಡೂ ತಡೆಯಲಾರದು. ಇನ್ನು ಮುಂದಕ್ಕೆ ಕಳಿಸುವ ಕೊಳವೆಯ ವಿಷಯವನ್ನು ಹೇಳುವುದೇ ಬೇಡ. ಕ್ಷಣಮಾತ್ರದ ಸದ್ದು 140 ಡೆಸಿಬೆಲ್ ದಾಟಿದರೆ ಕಿವಿಗೆ ಶಾಶ್ವತ ಹಾನಿಯಾಗಬಹುದು. ಇಂಥ ರೈಫಲ್‌ನ ಸದ್ದು 160ರ ಆಸುಪಾಸಿನಲ್ಲಿರುತ್ತದೆ. ‘ಶಬ್ದ ನಿರೋಧಕ’ ಎಂದು ಓದಿದವರೊಬ್ಬರು ನಂಬಿ, ಕಿವಿಗೆ ಏನೂ ಹಾಕಿಕೊಳ್ಳದೆ ನಿಂತರೆ? ಕಿವಿಯೊಳಗಿನ ಸೂಕ್ಷ್ಮ ಕೂದಲ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಇಲ್ಲಿ ಒಂದು ಪದ ತಪ್ಪಿದರೆ ಪೆಟ್ಟು ಬೀಳುವುದು ನಿಜವಾದ ಕಿವಿಗೆ.

ಹಾಗಾದರೆ ಇದಕ್ಕೆ ಏನನ್ನೋಣ? ‘ಮುಂದೂಡು ಕೊಳವೆ’ ಎಂದು ಮೊದಲು ಬರೆದು ನೋಡಿದೆ. ‘ಮುಂದೂಡು’ ಸಭೆಗೆ, ಪರೀಕ್ಷೆಗೆ ಮೀಸಲಾಗಿದೆ, ಆಗಲಿಲ್ಲ. ‘ಮುನ್ನೂಕು ಕೊಳವೆ’ ಕಿವಿಗೆ ಚೆನ್ನಾಗಿದೆ. ಆದರೆ ಗುಂಡನ್ನೇ ಮುಂದಕ್ಕೆ ನೂಕುತ್ತದೆ ಎಂದು ತಿಳಿಯುವ ಅಪಾಯವಿದೆ. ‘ಮುಮ್ಮುಖ ಕೊಳವೆ’ ಈಗ ನನ್ನ ಪಟ್ಟಿಯ ಮೇಲ್ಗಡೆ ಇದೆ. ಅನಿಲದ ಮುಖ ಮುಂದಕ್ಕೆ, ಅಷ್ಟೇ. ಕಡಿಮೆ ಮಾಡುತ್ತದೆ ಎಂದು ಅದು ಸುಳ್ಳು ಭರವಸೆ ಕೊಡುವುದಿಲ್ಲ.

ಒಂದು ತೊಡಕು ಉಳಿದಿದೆ. ಎಕೆಎಸ್-74ಯು ಎನ್ನುವ ಸೋವಿಯತ್ ರೈಫಲ್‌ನ ನಳಿಕೆ 206.5 ಮಿ.ಮೀ. ಮಾತ್ರ. ಅದರ ತುದಿಯಲ್ಲೂ ಅಗಲ ಬಾಯಿಯ ದಪ್ಪ ಕೊಳವೆ ಇದೆ, ಅದೂ ಅನಿಲವನ್ನು ಮುಂದಕ್ಕೇ ಬಿಡುತ್ತದೆ. ಆದರೆ ಅದರ ಮುಖ್ಯ ಕೆಲಸ ಬೇರೆ. ಗುಂಡು ಹೊರಬಿದ್ದ ಮೇಲೂ ಒತ್ತಡವನ್ನು ಕ್ಷಣಕಾಲ ಹಿಡಿದಿಟ್ಟು, ಮುಂದಿನ ತೋಟೆಯನ್ನು ತುಂಬುವ ಯಂತ್ರ ಸರಿಯಾಗಿ ಓಡುವ ಹಾಗೆ ನೋಡಿಕೊಳ್ಳುವುದು. ಇದನ್ನೂ ‘ಮುಮ್ಮುಖ ಕೊಳವೆ’ ಎನ್ನಬೇಕೇ? ನನಗೆ ಬೇಡ ಅನಿಸುತ್ತದೆ. ‘ಒತ್ತಡ ಗೂಡು’ ಎಂದರೆ ಹೊಂದಬಹುದೇನೋ, ನೋಡಿ ಹೇಳಿ.

ಕೊನೆಗೆ ‘ಗಿಡ್ಡ’. ಮೂಲದಲ್ಲಿ ಇದು ಅಮೆರಿಕದ ಕಾನೂನಿನ ಮಾತು. ಅಲ್ಲಿ 1934ರ ಕಾಯ್ದೆಯಡಿ ಇಂಥ ರೈಫಲ್‌ಗಳನ್ನು ನೋಂದಾಯಿಸಬೇಕು. ಈಗಿನ ಮಿತಿ 16 ಇಂಚು, ಅಂದರೆ 406 ಮಿ.ಮೀ. ತುದಿಯ ತುಂಡನ್ನು ಕಳಚಲಾಗದಂತೆ ಬೆಸುಗೆ ಹಾಕಿದ್ದರೆ ಅದರ ಉದ್ದವೂ ನಳಿಕೆಯ ಲೆಕ್ಕಕ್ಕೆ ಸೇರುತ್ತದೆ. ಸುಮ್ನೆ ತಿರುಪಿ ಕೂರಿಸಿದ್ದರೆ ಸೇರುವುದಿಲ್ಲ. 14.5 ಇಂಚಿನ ನಳಿಕೆಗೆ ತುಂಡನ್ನು ಬೆಸೆದು 16 ಮುಟ್ಟಿಸುವುದು ಅಲ್ಲಿ ತೀರಾ ಸಾಮಾನ್ಯ. ನನ್ನ ಮುಂದಿರುವ ಬರಹದಲ್ಲಿ ‘ಮೋಟು ಬಂದೂಕು’ ಎಂದಿದೆ. ಮೋಟು ಅಂದರೆ ಕಡಿದು ಉಳಿದದ್ದು, ಮೋಟು ಮರದ ಹಾಗೆ. ಉದ್ದದ ನಳಿಕೆಯನ್ನು ಯಾರೋ ಗರಗಸದಿಂದ ಕತ್ತರಿಸಿದರು ಎನ್ನುವ ಅರ್ಥ ಬರುತ್ತದೆ. ಇವು ಕಾರ್ಖಾನೆಯಲ್ಲೇ ಗಿಡ್ಡವಾಗಿ ಮಾಡಿದಂಥವು. ‘ಗಿಡ್ಡ ನಳಿಕೆಯ ರೈಫಲ್’ ಎಂದು ತಿದ್ದಿದ್ದೇನೆ. ‘ಬಂದೂಕು’ ಎಂದು ಬಿಟ್ಟಿಲ್ಲ, ಏಕೆಂದರೆ ಛರ್ರೆ ಹಾರಿಸುವ ಬಂದೂಕಿಗೆ ಅಲ್ಲಿ ಮಿತಿ ಬೇರೆ, 18 ಇಂಚು.

ಒಟ್ಟು ಸಾಲು ಈಗ ಹೀಗಿದೆ: ‘ಗಿಡ್ಡ ನಳಿಕೆಯ ರೈಫಲ್‌ನ ಬಾಯಿಗೆ ಮುಮ್ಮುಖ ಕೊಳವೆ ಹಾಕಿದರೆ ಅನಿಲದ ಹೊಡೆತ ಪಕ್ಕಕ್ಕೆ ಬರದೆ ಮುಂದಕ್ಕೆ ತಿರುಗುತ್ತದೆ.’

ಸೇನೆಯಲ್ಲಿ, ಪೊಲೀಸ್ ಇಲಾಖೆಯಲ್ಲಿ ಇದ್ದವರು ಅಥವಾ ಗುರಿ ಹೊಡೆಯುವ ಆಟದಲ್ಲಿ ತೊಡಗಿದವರು ಇಲ್ಲಿ ಇದ್ದೀರಿ ಎಂದುಕೊಂಡಿದ್ದೇನೆ. ತಾಲೀಮಿನ ಹೊತ್ತಿನಲ್ಲಿ ಪಕ್ಕದವನ ರೈಫಲ್‌ನಿಂದ ಬಂದು ಮುಖಕ್ಕೆ ಬಡಿಯುವ ಆ ಗಾಳಿಗೆ ನೀವು ನೀವೇ ಏನನ್ನುತ್ತೀರಿ? ಕನ್ನಡದಲ್ಲಿ ಆಡುವ ಪದ ಒಂದಿದ್ದರೆ, ಅದು ಎಷ್ಟೇ ಒರಟಾಗಿದ್ದರೂ ಬರೆದು ಕಳಿಸಿ. ನಾನು ಕಟ್ಟಿದ ಪದ ಬಿಟ್ಟು ಅದನ್ನೇ ಹಾಕುತ್ತೇನೆ.